ಗಿರಣಿಯ ಸರದಿ ಮತ್ತು ನನ್ನ ಲಿನಕ್ಸು

ನಮ್ಮ ಮನೆಯ ಜೋಳದ ಹಿಟ್ಟಿನ ಡಬ್ಬಿಗೆ ಗೋಕಾಕದ ಯಾವ ಅಂಗಡಿಯ ಪಾಕೀಟು ಹಿಟ್ಟಿಗೂ ಪ್ರವೇಶವಿಲ್ಲ. ಹೆಂಡತಿ ಮಹಾದೇವಿ ಜೋಳ ಹಸನು ಮಾಡಿ ಗಿರಣಿಗೆ ಹೊತ್ತೊಯ್ದು, ಸರದಿ ಬಂದಾಗ ತಪ್ಪದೆ ಕೇಳುತ್ತಾಳೆ: “ನಮ್ದಕ್ಕಿಂತ ಮೊದ್ಲ ಏನ್ ಬೀಸಿದ್ರಿ? ಕಡ್ಲಿ ಬೀಸಿದ್ರ ಕಲ್ಲ ಝಾಡಸ್ರಿ.” ಹಿಂದಿನವರ ಹಿಟ್ಟು ಉಳಿದಿದ್ದರೆ ನಮ್ಮ ರೊಟ್ಟಿ ಕೆಡುತ್ತದೆಂಬುದು ಅವಳ ಸಿದ್ಧಾಂತ. ಈ ತನಿಖೆಗೆ ಇಷ್ಟು ವರ್ಷ ನಕ್ಕವನು ನಾನು, ಮಿತ್ರರೇ. ಆ ನಗು ಈಗ ನನ್ನ ಮೇಲೆಯೇ ತಿರುಗಿದೆ.

ತೀರಿಹೋದ ನನ್ನ ಅತ್ತೆ ಹಾಡಿದ ಬೀಸುವ ಪದಗಳ ಕ್ಯಾಸೆಟ್ಟೊಂದು ಮೂಡಲಗಿಯ ನಾದಿನಿಯ ಟ್ರಂಕಿನಲ್ಲಿ ಸಿಕ್ಕಿತು. ಆ ತಾಯಿಯ ದನಿಯೆಂದು ಉಳಿದದ್ದು ಅದೊಂದೇ. ಕಂಪ್ಯೂಟರಿಗೆ ಇಳಿಸಿ ಕೇಳಿದರೆ ಹಾಡಿಗಿಂತ ಗರಗರ ಸದ್ದೇ ಜೋರು. ಹಸನು ಮಾಡದ ಹೊರತು ಯಾರಿಗೂ ಕೇಳಿಸಬಾರದೆಂದು ಹಟ ಹಿಡಿದೆ. ಗದ್ದಲ ತೆಗೆಯುವ ಸೌಲಭ್ಯವಿದ್ದದ್ದು ಧ್ವನಿ ತಿದ್ದುವ ತಂತ್ರಾಂಶವೊಂದರ ಹೊಸ ಆವೃತ್ತಿಯಲ್ಲಿ. ಅದು ನನ್ನ ಕಂಪ್ಯೂಟರನ್ನು ನಡೆಸುವ ಹಳೆಯ ಲಿನಕ್ಸು ವ್ಯವಸ್ಥೆಗೆ ಸಿದ್ಧರೂಪದಲ್ಲಿ ಸಿಗುವಂತಿರಲಿಲ್ಲ. ತಂತ್ರಾಂಶ ಮಾಡಿದವರು ಬರೆದಿಟ್ಟ ಮೂಲಸಂಕೇತವನ್ನು ತಂದು ನಾವೇ ಕಟ್ಟಿಕೊಳ್ಳಬೇಕು. ಕಾಳು ಅವರದು, ಬೀಸುವ ಕೆಲಸ ನಮ್ಮದು. ರವಿವಾರ ನಾದಿನಿ ಬರುವುದರೊಳಗೆ ಮುಗಿಸುತ್ತೇನೆಂದು ಮೀಸೆ ತಿರುವಿ ಮಾತು ಕೊಟ್ಟೆ.

ಮೂರು ದಿನ ಪರದೆಯ ಮೇಲೆ ಅಕ್ಷರಗಳ ಮೆರವಣಿಗೆ ನಡೆಯಿತು. ಒಂದು ತಂತ್ರಾಂಶ ಇನ್ನೊಂದನ್ನು ಬೇಡುತ್ತದೆ, ಅದು ಮತ್ತೊಂದನ್ನು; ಮದುವೆಗೆ ಕರೆದ ಬೀಗರು ತಮ್ಮ ಬೀಗರನ್ನೂ ಕರೆತಂದಂತೆ. ಎಲ್ಲರನ್ನೂ ಕೂಡಿಸಿ ಕಟ್ಟಿದರೂ ಅದು ತೆರೆದ ಕ್ಷಣವೇ ಮುಚ್ಚಿಕೊಳ್ಳುತ್ತಿತ್ತು. ಶನಿವಾರ ಸಂಜೆ ಚಹಾ ತಂದಿಟ್ಟ ಮಹಾದೇವಿ ನನ್ನ ಮುಖ ನೋಡಿ, “ಇದಕ್ಕಿಂತ ಮೊದ್ಲ ಅದರಾಗ ಏನ್ ಬೀಸಿದ್ರಿ?” ಎಂದಳು. ನಗಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಹಿಂದೊಮ್ಮೆ ಹಳೆಯ ಆವೃತ್ತಿಯನ್ನು ಕಟ್ಟಲು ಹೋಗಿ ಅರ್ಧಕ್ಕೆ ಬಿಟ್ಟ ತುಣುಕುಗಳು ಅದೇ ಫೋಲ್ಡರಿನಲ್ಲಿ ಬಿದ್ದಿದ್ದವು. ಹೊಸದು ಅವನ್ನೇ ಬೆರೆಸಿಕೊಳ್ಳುತ್ತಿತ್ತು. ಎಲ್ಲವನ್ನೂ ಝಾಡಿಸಿ ಮತ್ತೆ ಕಟ್ಟಿದೆ, ನಡೆಯಿತು.

ರವಿವಾರ ಗರಗರವನ್ನು ಪೂರ್ತಿ ಸೋಸಿ, ಹಾಡನ್ನು ಅಕ್ಕತಂಗಿಯರಿಗೆ ಕೇಳಿಸಿ, ಹೊಗಳಿಕೆಗೆ ಕಾದು ಕುಳಿತೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಕಲ್ಲಿನ ಸಪ್ಪಳ ಎಲ್ಲಿ ಹೋತ್ರಿ?” ಎಂದಳು ಮಹಾದೇವಿ.

“ಅದನ್ನ ತಗ್ಯಾಕನ ಮೂರ ದಿನ ಹಿಡೀತು.”

“ಅವ್ವ ಕಲ್ಲ ತಿರುವಿಕೋತನ ಹಾಡಾಕಿ. ಅದನ್ನ ತಗದ್ರ ಯಾರೋ ಹಾಡಿದಂಗ ಆಗತೈತಿ.”

ಸೋಸದ ಮೂಲವನ್ನೇ ಹಚ್ಚಿದೆ. ಗರಗರದ ನಡುವೆ ಅತ್ತೆ ಉಸಿರು ಹಿಡಿದು, ಕೈ ಬದಲಿಸಿ, ಮತ್ತೆ ಪದ ಎತ್ತಿಕೊಂಡರು. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಕಷ್ಟಪಟ್ಟು ಕಟ್ಟಿದ ತಂತ್ರಾಂಶ ಯಾತಕ್ಕೂ ಬೇಕಾಗಲಿಲ್ಲವೆಂಬ ಸಂಕಟ ನನಗಾಗಬೇಕಿತ್ತು, ಆಗಲಿಲ್ಲ.

ಈಗ ಗಿರಣಿಗೆ ಡಬ್ಬಿ ಹೊರುವವನು ನಾನೇ. ಮೊದಲು ಏನು ಬೀಸಿದ್ದೆಂದು ಕೇಳುತ್ತೇನೆ, ಗಿರಣಿಯವನು ನಗುತ್ತಾನೆ. ಆಮೇಲೆ ಬಾಜೂಕೆ ಸರಿದು, ಡಬ್ಬಿ ತುಂಬುವ ತನಕ ಕಲ್ಲಿನ ಸಪ್ಪಳ ಕೇಳುತ್ತ ನಿಲ್ಲುತ್ತೇನೆ.