ಗಾಜಿನಾಚೆಯ ತರಬೇತುದಾರ

ಹೈದರಾಬಾದಿನ ಗಾಳಿಸುರಂಗದಲ್ಲಿ ನಮಗೆ ಹಾರಲು ಕಲಿಸಿದವರು ಸಂಡೂರಿನವರು. ಹೊಸಪೇಟೆಯಿಂದ ಹೋಗಿದ್ದ ನಾಲ್ವರು ಗೆಳತಿಯರಾದ ನಮ್ಮ ಮಾತು ಕೇಳಿ, "ನಮ್ಮ ಕಡೆಯವ್ರು! ಊರಾಗ ಮಳಿ ಆತೇನ್ರಿ?" ಎಂದು ನಕ್ಕಿದ್ದರು.

ಕೆಳಗಿನಿಂದ ನುಗ್ಗುವ ಗಾಳಿಯ ಮೇಲೆ ಕೈಕೈ ಹಿಡಿದು ವೃತ್ತವಾಗಿ ತೇಲಬೇಕೆಂಬುದು ನಮ್ಮ ಆಸೆ. ಆದರೆ ದಪ್ಪಗಿದ್ದ ಸರೋಜ ಕೆಳಗೆ ಕಟ್ಟಿದ್ದ ಬಲೆಗೆ ಇಳಿಯುತ್ತಿದ್ದಳು, ತೆಳ್ಳಗಿದ್ದ ನಾನು ಮೇಲಕ್ಕೇರಿಬಿಡುತ್ತಿದ್ದೆ. ಅವರು ಸರೋಜಳಿಗೆ ಹೆಚ್ಚು ಗಾಳಿ ಹಿಡಿಯುವ ಸಡಿಲ ಉಡುಪು ಕೊಟ್ಟು, ನನಗೆ ಬಿಗಿ ಉಡುಪು ತೊಡಿಸಿ ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಿಸಿದರು. "ಭಾಳ ಬಿಗಿ ಹಿಡೀಬ್ಯಾಡ್ರಿ, ಮೈ ಸಡಿಲ ಬಿಡ್ರಿ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಆಮೇಲೆ ಸುರಂಗದ ಗಾಜಿನ ಗೋಡೆಯಾಚೆ ನಿಲ್ಲುತ್ತಿದ್ದರು, ಒಳಗೆ ಬರುತ್ತಿದ್ದುದು ಮಾತ್ರ ಅವರ ಸಹಾಯಕಿ.

"ನೀವೂ ನಮ್ಮ ಜೋಡಿ ಬರ್ರಿ ಸರ್" ಎಂದೆ.

ಅವರು ಬಲಭುಜ ಸವರಿಕೊಂಡರು. "ಸ್ಪರ್ಧೆಗೆ ಹೋಗೋ ಟೀಮಿನ್ಯಾಗ ಇದ್ದೆನ್ರಿ. ಗಾಳಿಯಾಗ ಗೆಳೆಯ ಜಾರಿದಾಗ ಕೈ ಬಿಡಬೇಕಿತ್ತು, ಬಿಡ್ಲಿಲ್ಲ. ಭುಜ ಕಳಚಿತು. ಇನ್ನ ಹಾರಬ್ಯಾಡ ಅಂದ್ರು ಡಾಕ್ಟ್ರು."

ಕೊನೆಯ ಸರದಿಯಲ್ಲಿ ನಮ್ಮ ವೃತ್ತ ಕೂಡಿತು. ನಾಲ್ವರೂ ಒಂದೇ ಎತ್ತರದಲ್ಲಿ ತೇಲುತ್ತಿದ್ದಾಗ ಗಾಜಿನಾಚೆ ನೋಡಿದೆ. ಅವರು ತಮಗರಿವಿಲ್ಲದೆ ನಮ್ಮಂತೆಯೇ ತೋಳು ಚಾಚಿ ನಿಂತಿದ್ದರು. ಬಲತೋಳು ಅರ್ಧಕ್ಕೇ ನಿಂತಿತ್ತು. ನಾನು ನೋಡುತ್ತಿರುವುದು ಕಂಡದ್ದೇ ಅದನ್ನು ಇಳಿಸಿ, ಎಡಗೈಯ ಹೆಬ್ಬೆರಳೆತ್ತಿ ತೋರಿಸಿದರು.