ಲಾಳಿಯ ವೇಗ, ನನ್ನ ಕೈ

ಗಜೇಂದ್ರಗಡದ ನಮ್ಮ ಓಣಿಗೆ ಹಗ್ಗದ ಲಾಳಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ, ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ. ಅಲ್ಲಿಯತನಕ ನನ್ನ ಗಂಡ ಮಗ್ಗದ ಕುಣಿಯಲ್ಲಿ ಕೂತು ಲಾಳಿಯನ್ನು ಈ ಕೈಯಿಂದ ಆ ಕೈಗೆ ದಾಟಿಸಿ ಸೀರೆ ನೇಯುತ್ತಿದ್ದರು. ಒಂದು ಸೀರೆಗೆ ನಾಲ್ಕು ದಿನ ಹಿಡಿಯುತ್ತಿತ್ತು. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ, ಅಂದರೆ ಕಂಡಿಕಿಗೆ, ರಾಟಿಯಿಂದ ನೂಲು ಸುತ್ತಿಕೊಡುವುದು ನನ್ನ ಕೆಲಸ. ರೊಟ್ಟಿ ಬಡಿದು ಕೂತರೆ ಮಧ್ಯಾಹ್ನದೊಳಗೆ ದಿನದ ಕಂಡಿಕಿ ಮುಗಿಯುತ್ತಿದ್ದವು. ಆಮೇಲಿನ ಹೊತ್ತು ನನ್ನದು. ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತಿದ್ದೆ. ವಾರಕ್ಕೊಮ್ಮೆ ಲಕ್ಕಲಕಟ್ಟಿಗೆ ನಡೆದುಹೋಗಿ ಅವ್ವನನ್ನು ಕಂಡು ಬರುತ್ತಿದ್ದೆ.

ಹಗ್ಗ ಜಗ್ಗಿದರೆ ಹೊಸ ಲಾಳಿ ತಾನೇ ಓಡುತ್ತಿತ್ತು. ಅದನ್ನು ಕೂಡಿಸಿದ ದಿನ ನನ್ನ ಗಂಡ ಖುಷಿಯಲ್ಲಿದ್ದರು.

"ಇನ್ನ ನಾಕ ದಿನದ ಕೆಲಸ ಎರಡ ದಿನಕ್ಕ ಆಗತೈತಿ. ಉಳದ ದಿವಸ ಆರಾಮ ಇರೂಣು" ಅಂದರು.

ನಾನೂ ನಂಬಿದೆ. ಮೊದಲ ವಾರ ಅದು ಖರೇ ಆಯಿತು. ಅವರು ಮಗಳನ್ನು ಹೆಗಲಿಗೆ ಹಾಕಿಕೊಂಡು ಗುಡ್ಡದ ಕಡೆ ತಿರುಗಾಡಿ ಬಂದರು. ಎರಡನೆಯ ವಾರ ನೂಲು ಕೊಡುವ ಸಾಹುಕಾರರು ಇಮ್ಮಡಿ ನೂಲು ಕಳಿಸಿದರು. "ಬ್ಯಾಡ ಅಂದ್ರ ಮುಂದ ಕೊಡಲಿಕ್ಕಿಲ್ಲ" ಎಂದು ನನ್ನ ಗಂಡ ಅದನ್ನು ಇಳಿಸಿಕೊಂಡರು. ಅವರ ಹೆದರಿಕೆ ಸುಳ್ಳೇನಲ್ಲ.

ಲಾಳಿ ಬದಲಾಗಿತ್ತು, ರಾಟಿ ಹಳೆಯದೇ. ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುತ್ತ, ಒಂದು ಕೈಯಲ್ಲಿ ರಾಟಿ ತಿರುವುತ್ತ, ಇನ್ನೊಂದರಲ್ಲಿ ಎಳೆ ಹಿಡಿದು ಸುತ್ತುತ್ತಿದ್ದೆ. ಸುತ್ತಿದಷ್ಟೂ ಸಾಲದು. ಮಗ್ಗದ ಸಪ್ಪಳ ನಿಂತಿತೆಂದರೆ ಕುಣಿಯಿಂದ "ಕಂಡಿಕಿ" ಎಂಬ ಕೂಗು ಬರುತ್ತಿತ್ತು. ಒಲೆಯ ಮೇಲಿನ ಪಲ್ಯ ಸೀಯುತ್ತಿತ್ತು. ಮಗು ಹಾಲಿಗೆ ಅತ್ತು ಅತ್ತು ತಾನೇ ಮಲಗುತ್ತಿತ್ತು. ಮಧ್ಯಾಹ್ನದ ನಿದ್ದೆ ಹೋಯಿತು. ಲಕ್ಕಲಕಟ್ಟಿಯ ದಾರಿಯೂ ಮರೆತುಹೋಯಿತು.

ಐದಾರು ವಾರ ಕಾದು ಅವ್ವ ತಾನೇ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು, ಕೈಯಲ್ಲಿ ಸಜ್ಜೆರೊಟ್ಟಿಯ ಗಂಟು. ನಾನು ಎದ್ದು ನೀರು ಕೊಡಬೇಕು. ಅಷ್ಟರಲ್ಲೇ ಮಗ್ಗ ನಿಂತಿತು, ಕೂಗು ಬಂತು, ನಾನು ಮತ್ತೆ ರಾಟಿಯ ಹಿಡಿಕೆಗೆ ಕೈ ಹಾಕಿದೆ. ಅವ್ವ ತಾನೇ ನೀರು ತೆಗೆದುಕೊಂಡು ಕುಡಿದಳು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಅತ್ತಾಗ ಸರಿ ಯವ್ವಾ, ಕೂಸಿಗೆ ಹಾಲ ಕುಡಸು" ಎಂದು ರಾಟಿಯ ಮುಂದೆ ಕೂತಳು.

ಮದುವೆಯಾದ ಮೇಲೆ ಅವಳದು ಹೊಲದ ಕೆಲಸ. ತವರು ಮಾತ್ರ ನೇಕಾರರದು. ಒಡೆದ ಬೆರಳಿಗೆ ಎಳೆ ಸಿಕ್ಕಿ ಎರಡು ಸಲ ಹರಿಯಿತು, ಆಮೇಲೆ ಕೈಗೆ ರೂಢಿ ಮರಳಿತು. ಹೊತ್ತು ಇಳಿಯುವತನಕ ಸುತ್ತಿದಳು. ನಾನು ಬಾಕಿ ಉಳಿದ ಅರಿವೆ ಒಗೆದೆ, ಜೋಳ ಹಸನು ಮಾಡಿದೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ನಿನ್ನ ಕೂಡ ನಾಕ ಮಾತ ಆಡಬೇಕಂತ ಬಂದಿದ್ನಿ. ಇರ್ಲಿ ತಗೋ, ಕಂಡಿಕಿ ಆದ್ರೂ ಮುಗದೂ" ಅಂದಳು. ಬೇಸರದಿಂದ ಅಂದದ್ದಲ್ಲ. ಬೇಸರದಿಂದ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಓಣಿ ದಾಟಿದ ಮೇಲೆ ನನ್ನ ಗಂಡ ಕುಣಿಯಿಂದ ಎದ್ದು ಮೈ ಮುರಿದರು.

"ಇವತ್ತ ಕೆಲಸ ಭಾಳ ಚಲೋ ಸಾಗಿತು ನೋಡು."

ಮರುದಿನ ರೊಟ್ಟಿ ಮುಗಿಸಿ, ರಾಟಿಯ ಹತ್ತಿರ ಹೋಗದೆ ಮಗುವಿನ ಮಗ್ಗುಲಲ್ಲಿ ಮಲಗಿದೆ. ಮಗ್ಗ ನಿಂತಿತು. ಎರಡು ಸಲ ಕೂಗಿ, ಅವರೇ ಒಳಗೆ ಬಂದರು.

"ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನ್ರಿ. ನಿಮ್ಮ ಲಾಳಿ ಲಗೂ ಓಡತೈತಿ, ನನ್ನ ಕೈ ಅಷ್ಟ ಲಗೂ ನಡಿಯಂಗಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಾವೇ ಹೋಗಿ ರಾಟಿಯ ಮುಂದೆ ಕೂತರು. ಎಳೆ ಹರಿಯುವುದು, ಗಂಟು ಹಾಕುವುದು, ಮತ್ತೆ ಹರಿಯುವುದು. ಕಣ್ಣು ಮುಚ್ಚಿಕೊಂಡೇ ಕೇಳಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಹಿಡಿ ಕಂಡಿಕಿ ಆಗಿದ್ದವು. "ಭುಜ ಹಿಡದಾವ" ಎಂದಷ್ಟೇ ಹೇಳಿ ಉಣ್ಣಲು ಕೂತರು.

ಮುಂದಿನ ವಾರ ಅವರು ಬಂದ ನೂಲಿನಲ್ಲಿ ಸ್ವಲ್ಪವನ್ನು ಸಾಹುಕಾರರಿಗೆ ತಿರುಗಿ ಒಯ್ದು ಕೊಟ್ಟರು. ಸಾಹುಕಾರರು, "ಯಾಕ, ಮಗ್ಗ ಕೆಟ್ಟೈತೇನು?" ಎಂದು ಕೇಳಿದರಂತೆ.

"ಮಗ್ಗ ಗಟ್ಟಿ ಐತ್ರಿ. ಮನಿಯಾಕಿ ದಣದಾಳ."

ನನ್ನ ಗಂಡನ ಈ ಮಾತು ಓಣಿಯಲ್ಲಿ ತಿಂಗಳುಗಟ್ಟಲೆ ನಗೆಪಾಟಲಾಯಿತು. ಅವರಿಗೆ ನಾಚಿಕೆಯೂ ಆಯಿತು. ಆದರೂ ವಾರದಲ್ಲೊಂದು ದಿನ ತಮ್ಮ ಕಂಡಿಕಿ ತಾವೇ ಸುತ್ತಿಕೊಳ್ಳುವುದನ್ನು ಬಿಡಲಿಲ್ಲ. ಮದುವೆಯ ಸುಗ್ಗಿಯಲ್ಲಿ, ಹಬ್ಬದ ಮುಂಚೆ, ಆ ದಿನವೂ ತಪ್ಪುತ್ತಿತ್ತು. ನಾವು ಏನೋ ಗೆದ್ದೆವು ಎಂದು ನಾನು ಹೇಳಲಾರೆ.

ಆ ದಿನ ತಪ್ಪದ ವಾರಗಳಲ್ಲಿ ಲಕ್ಕಲಕಟ್ಟಿಗೆ ಹೋಗುತ್ತಿದ್ದೆ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿ, ಅವ್ವನ ಪಡಸಾಲೆಯ ತಂಪಿಗೆ ಬೆನ್ನು ಹಚ್ಚಿದವಳೇ ನಿದ್ದೆ ಹೋಗುತ್ತಿದ್ದೆ. ಅವಳು ಮಗುವನ್ನು ಹೊರಗೆ ಆಡಿಸುತ್ತಿದ್ದಳು, ನನ್ನನ್ನು ಎಬ್ಬಿಸುತ್ತಿರಲಿಲ್ಲ. ಹೊತ್ತು ಇಳಿದ ಮೇಲೆ ಚಹಾ ಕಾಸಿ ಕೂಗುತ್ತಿದ್ದಳು. ಕುಡಿದು, ಮಗಳನ್ನು ಬಗಲಿಗೆ ಏರಿಸಿಕೊಂಡು ಹೊರಡುತ್ತಿದ್ದೆ.