ಗಂಗಕ್ಕನ ಹುಳಿಹಿಟ್ಟು

ಮಗು ಹಾಲು ಕಕ್ಕಿದರೆ ಸಾಕು, ನನಗೆ ಪ್ಲೇಗು ಎನ್ನಿಸುತ್ತಿತ್ತು. ಕಂಕುಳು ಮುಟ್ಟಿ ನೋಡುತ್ತಿದ್ದೆ, ತೊಡೆಯ ಸಂದು ನೋಡುತ್ತಿದ್ದೆ, ಗಡ್ಡೆ ಕಾಣದಿದ್ದರೆ ಮತ್ತೊಮ್ಮೆ ನೋಡುತ್ತಿದ್ದೆ. ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆರೋಗ್ಯಶಾಸ್ತ್ರ ಓದಿದ್ದವಳಿಗೆ ಚಿತ್ರದುರ್ಗಕ್ಕೆ ಬಂದ ಮೇಲೆ ಉಳಿದದ್ದು ಈ ಹೆದರಿಕೆ ಒಂದೇ. ಎಂಟು ತಿಂಗಳ ಕೂಸಿಗೆ ಹಾಲು ದಕ್ಕದಾಗ ಡಾಕ್ಟರು, ಕಾಯಿಸಿದ ಬ್ರೆಡ್ಡನ್ನು ಬಿಸಿನೀರಿನಲ್ಲಿ ಕದಡಿ ಕೊಡಿ ಎಂದರು. ಊರಿನಲ್ಲಿ ಬ್ರೆಡ್ಡು ಬೇಯಿಸುತ್ತಿದ್ದವಳು ಒಬ್ಬಳೇ, ಮುಸಾಫರಿ ಬಂಗಲೆಯ ಗಂಗಕ್ಕ.

ಅವಳು ಯಲ್ಲದಕೆರೆಯ ಕುರಿಗಾರರ ಮನೆಯ ಹೆಣ್ಣು. ಗಂಡ ಬೀರಪ್ಪ ಬಂಗಲೆಯ ಅಡುಗೆಯವನಾಗಿದ್ದ. ತಂಗಲು ಬರುವ ಬಿಳಿ ದೊರೆಗಳ ಬ್ರೆಡ್ಡಿಗೆ ಈಚಲ ಹೆಂಡ ಹಾಕಿ ಹಿಟ್ಟು ಉಬ್ಬಿಸುತ್ತಿದ್ದ. ಅದೇ ಹೆಂಡ ಅವನನ್ನು ಮುಗಿಸಿತು. ಆಮೇಲೆ ಅವನ ಕೆಲಸಕ್ಕೆ ನಿಂತ ಗಂಗಕ್ಕ ಹೆಂಡವನ್ನು ಆ ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಅಂಬಲಿಯ ಹುಳಿಯನ್ನೇ ಗೋಧಿಹಿಟ್ಟಿಗೆ ಬೆರೆಸಿ, ಕೆಡಿಸಿ, ಚೆಲ್ಲಿ, ಮತ್ತೆ ಕಲಸಿ, ಕೊನೆಗೆ ಗುಳ್ಳೆ ಏಳುವ ಹುಳಿಹಿಟ್ಟನ್ನು ಹದಕ್ಕೆ ತಂದಳು. ದಿನವೂ ಅರ್ಧ ತೆಗೆದು ಬ್ರೆಡ್ಡಿಗೆ ನಾದುವುದು, ಉಳಿದರ್ಧಕ್ಕೆ ಹೊಸ ಹಿಟ್ಟು, ನೀರು ಹಾಕಿಡುವುದು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

"ಇದು ನಮ್ಮನೆ ಮುದುಕಿ ಕಣ್ರಮ್ಮ," ಎನ್ನುತ್ತಿದ್ದಳು. "ಒಂದಿನ ಉಣ್ಣಾಕೆ ಇಕ್ಕದಿದ್ರೆ ಮಕ ಸಿಂಡರಿಸ್ಕಂಡು ಕುಂತ್ಕಂತಾಳೆ."

ಅವಳ ಬ್ರೆಡ್ಡು ಮಗುವಿಗೆ ಹಿಡಿಸಿತು. ಅವಳು ಕೈ ತೊಳೆದಿದ್ದಳೋ ಇಲ್ಲವೋ ಎಂಬ ಚಿಂತೆ ನನ್ನನ್ನು ಹಿಡಿಯಿತು. ಮನೆಯಲ್ಲೇ ಮಾಡುತ್ತೇನೆಂದು ಹುಳಿಹಿಟ್ಟು ಕೇಳಿದೆ. ಏಕೆ ಎಂದೂ ಕೇಳದೆ ಕುಡಿಕೆ ತುಂಬ ಕೊಟ್ಟಳು.

ಕಾರ್ತಿಕದಲ್ಲಿ ಅವಳ ಕೇರಿಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿನ ಸಿಬ್ಬಂದಿ ಮನೆಗಳನ್ನು ಖಾಲಿ ಮಾಡಿಸಿ, ಮಡಕೆಗಳಿಗೆಲ್ಲ ಔಷಧಿ ಸುರಿದರು. ಅಂದು ಶುಕ್ರವಾರ. ನಾವು ದೀಪ ಹಚ್ಚಿದ ಮೇಲೆ ಗಂಗಕ್ಕ ಬಂದು ಅಂಗಳದಾಚೆಯೇ ನಿಂತಳು.

"ಒಳೀಕೆ ಬರಲ್ಲ ಅಮ್ಮಾರೆ. ಮುದುಕಿ ಹೋದ್ಲು. ನಿಮ್ಮನೇದ್ರಾಗೆ ನಿಂಬೆಹಣ್ಣಿನಷ್ಟು ಕೊಡ್ರಿ, ಈಗ್ಲೇ ಕಲಸಿಡ್ಬೇಕು. ನಾಳೆ ದೊರೆ ಬರ್ತಾನೆ. ಬ್ರೆಡ್ಡು ಇದ್ರೆ ಬಂಗಲೆ ಹಿತ್ಲಾಗೆ ಬಿದ್ಕ, ಇಲ್ದಿದ್ರೆ ಪ್ಲೇಗಿನ ಗುಡಿಸ್ಲಿಗೆ ನಡಿ ಅಂದಾನೆ ಬಟ್ಲರ್ರು."

ನಾನು ಕುಡಿಕೆ ಎತ್ತಿಕೊಂಡೆ. ಒಳಗಿನಿಂದ ಅತ್ತೆ ಮರುಳಸಿದ್ದಮ್ಮ ಕೂಗಿದರು: "ಲೇ ಸರ್ವಮಂಗಳಾ, ಶುಕ್ರವಾರ ದೀಪ ಹಚ್ಚಿದ್ ಮ್ಯಾಲೆ ಹೆಪ್ಪಾಗ್ಲಿ ಹುಳಿಯಾಗ್ಲಿ ಹೊಸ್ತಿಲು ದಾಟಂಗಿಲ್ಲ. ಕೂಸಿನ ಮೈ ಕಾದೈತೆ, ನೆಪ್ಪಿರ್ಲಿ!"

ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ನಗುತ್ತಿದ್ದೆ. ಆದರೆ ಮಗುವಿನ ಮೈ ನಿಜವಾಗಿಯೂ ಕಾದಿತ್ತು. ಕುಡಿಕೆ ಕೆಳಗಿಟ್ಟೆ.

"ಬೆಳಗಾಗುತ್ಲೇ ಕೊಡ್ತೀನಿ ಗಂಗಕ್ಕ."

"ನನ್ನ ಹಿಟ್ಟು ನನಗೆ ಕೊಡಾಕೆ ಮುಹೂರ್ತ ನೋಡ್ಬೇಕೇನ್ರಮ್ಮ?" ಎಂದಳು. ಬಂದ ದಾರಿಯಲ್ಲೇ ಹೊರಟುಹೋದಳು.

ಬೆಳಗ್ಗೆ ಜ್ವರವಿರಲಿಲ್ಲ, ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲು. ಕುಡಿಕೆ ಹಿಡಿದು ಬಂಗಲೆಗೆ ಓಡಿದೆ. ಒಲೆಯ ಮುಂದೆ ಬೇರೊಬ್ಬ ಕೂತಿದ್ದ, ಪಕ್ಕದಲ್ಲಿ ಹೆಂಡದ ಬುರುಡೆ. ಗಂಗಕ್ಕನನ್ನು ಜೋಗಿಮಟ್ಟಿ ದಾರಿಯ ಗುಡಿಸಲುಗಳಿಗೆ ಕಳಿಸಿಯಾಗಿತ್ತು.

ಅಲ್ಲಿಗೆ ಹೋಗಕೂಡದೆಂದು ಮನೆಯವರು ಕಟ್ಟಪ್ಪಣೆ ಮಾಡಿದರು. ಅವರು ಹೇಳದಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ. ಒಂಬತ್ತು ದಿನ ಹುಳಿಹಿಟ್ಟಿಗೆ ಹಿಟ್ಟು ಹಾಕುತ್ತ ಕಾಲ ನೂಕಿದೆ. ಹತ್ತನೆಯ ದಿನ ಅಷ್ಟನ್ನೂ ಎತ್ತಿಕೊಂಡು ಹೋಗಿ, ಬೇಲಿಯಾಚೆ ನಿಂತು ಅವಳನ್ನು ಕೂಗಿದೆ.

ಗಂಗಕ್ಕ ಮೂರು ಕಲ್ಲಿನ ಒಲೆ ಹೂಡಿ ಹೆಂಚು ಕಾಯಿಸುತ್ತಿದ್ದಳು. ಎದ್ದು ಬಂದು ಕುಡಿಕೆ ತೆಗೆದುಕೊಂಡು ಮೂಸಿದಳು. "ಚೆನ್ನಾಗಿ ಸಾಕೀರಿ," ಎಂದಳು. ವಾಪಸು ಹೋಗಿ ಅಷ್ಟನ್ನೂ ಹೆಂಚಿನ ಮೇಲೆ ಸುರಿದು ರೊಟ್ಟಿಯಗಲ ಹರಡಿದಳು.

"ಅಯ್ಯೋ, ಒಂಚೂರಾದ್ರೂ ಉಳಿಸ್ಕೋ ಗಂಗಕ್ಕ!"

"ಯಾತಕ್ರಿ? ಗೋದಿ ಎಲ್ಲೈತೆ, ಬ್ರೆಡ್ಡಿನ ಒಲೆ ಎಲ್ಲೈತೆ? ಹೊಟ್ಟೆ ಮಾತ್ರ ಐತೆ."

ಬೆಂದ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ಬೇಲಿಯ ಮೇಲಿಂದ ನನ್ನತ್ತ ಚಾಚಿದಳು. "ತಗಳ್ರಿ, ನೀವೂ ಸಾಕೀರಲ್ಲ."

ಪ್ಲೇಗಿನ ಗುಡಿಸಲು. ಮನೆಯಲ್ಲಿ ಕೂಸು. ನಾನು ಕೈ ಚಾಚಲಿಲ್ಲ. ಅವಳು ಆ ಅರ್ಧವನ್ನೂ ನನ್ನೆದುರೇ ನಿಂತು ತಿಂದಳು.